ಚಂದ್ರಗಿರಿ ಹೊಳೆಗೆ ಎಷ್ಟು ದಡ?

ನವೆಂಬರ್ ಬಂತೆಂದರೆ ಹದಡಿಯಿಂದ ಹಿಡಿದು ಹರಿಹರದ ತನಕ ಕೆಂಪು ಹಳದಿ ಬಾವುಟ ಏರುತ್ತದೆ. ಆಟೋ ಸ್ಟ್ಯಾಂಡಿನಲ್ಲಿ ಭುವನೇಶ್ವರಿಯ ಫೋಟೋ, ಫೋಟೋಕ್ಕೆ ಸೇವಂತಿಗೆ ಹಾರ, ಮೈಕಿನಲ್ಲಿ ರಾಜ್‌ಕುಮಾರ್ ಹಾಡು. ಸಂಜೆಗೆ ಭಾಷಣ. ಭಾಷಣದಲ್ಲಿ ಬೆಳಗಾವಿ ಒಂದು ಸಲ ಬಂದರೆ ಕಾಸರಗೋಡು ಎರಡು ಸಲ ಬರುತ್ತದೆ. 'ಕಾಸರಗೋಡು ನಮ್ಮದು' ಎಂದು ಭಾಷಣಕಾರರು ಮುಷ್ಟಿ ಎತ್ತಿದಾಗ ಚಪ್ಪಾಳೆ ಬೀಳದ ಊರೇ ಇಲ್ಲ. ಬೀಳಲಿ, ಬೀಳಲೇಬೇಕು. ಆ ಚಪ್ಪಾಳೆಯ ಬಗ್ಗೆ ಈ ಪತ್ರಿಕೆಯ ತಕರಾರಿಲ್ಲ.

ಆದರೆ ಓದುಗರೇ, ಚಪ್ಪಾಳೆ ನಿಂತ ಮೇಲೆ ಪಕ್ಕದಲ್ಲಿ ಕೂತವರನ್ನು ಒಂದು ಪ್ರಶ್ನೆ ಕೇಳಿ ನೋಡಿ. ಕಾಸರಗೋಡು ನಮ್ಮದು, ಸರಿ. ಅಲ್ಲಿರುವ ನಮ್ಮವರು ಯಾರು? ಅವರು ಮನೆಯಲ್ಲಿ ಯಾವ ಮಾತಾಡುತ್ತಾರೆ? ಅವರ ಜಾತಿ ಯಾವುದು, ದೇವರು ಯಾರು? ಅವರಲ್ಲಿ ಹೆಂಗಸರು ಏನು ಮಾಡುತ್ತಾರೆ? ಹತ್ತು ಜನರಲ್ಲಿ ಒಂಬತ್ತು ಜನ ತಲೆ ಕೆರೆದುಕೊಳ್ಳುತ್ತಾರೆ. ನೆಲದ ಮೇಲೆ ನಮಗಿರುವ ಪ್ರೀತಿ ಆ ನೆಲದ ಮೇಲೆ ನಡೆದಾಡುವವರ ತನಕ ಮುಟ್ಟಿಲ್ಲ.

ಹಳೆಯ ಕಥೆಯನ್ನು ಬೇಗ ಹೇಳಿ ಮುಗಿಸೋಣ, ಅದು ನಿಮಗೆ ಬಾಯಿಪಾಠ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಇಲ್ಲಿ ಕನ್ನಡ ನಾಡು ಒಂದಾಯಿತೆಂದು ಹೋಳಿಗೆ ತಿಂದ ದಿನ ಅಲ್ಲಿ ಒಲೆ ಹೊತ್ತಲಿಲ್ಲ. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ವರದಿ ದಿಲ್ಲಿಯಲ್ಲಿ ಧೂಳು ತಿನ್ನುತ್ತಿದೆ. 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು. 2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ಮಲಯಾಳ ಕಡ್ಡಾಯ ಮಾಡಿ ಕಾನೂನು ತಂದಿತು. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟರನ್ನು ಹಾಕುವುದು, ಮಕ್ಕಳು ರಸ್ತೆಗೆ ಬಂದು ಕೂರುವುದು, ಇದು ಅಲ್ಲಿ ಮಾಮೂಲು. 2018ರಲ್ಲಿ ರಿಷಬ್ ಶೆಟ್ಟಿ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಚಿತ್ರ ಮಾಡಿದಾಗ ದಾವಣಗೆರೆಯ ಟಾಕೀಸಿನಲ್ಲಿ ಕೂತು ನಮ್ಮ ಹುಡುಗರು ಶಿಳ್ಳೆ ಹೊಡೆದರು. ಸಂವಿಧಾನದ 350-ಎ ಕಲಂ ಅಲ್ಪಸಂಖ್ಯಾತ ಮಗುವಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಕೊಡಿ ಎನ್ನುತ್ತದೆ. ಕೇರಳ ಅದನ್ನು ಮನಸ್ಸಿಟ್ಟು ಪಾಲಿಸಿಲ್ಲ. ಇದೆಲ್ಲ ಅನ್ಯಾಯವೇ. ಇದರಲ್ಲಿ ಎರಡು ಮಾತಿಲ್ಲ.

ಈಗ ಎರಡನೇ ಮಾತಿಗೆ ಬರೋಣ.

2011ರ ಜನಗಣತಿ ಪ್ರಕಾರ ಕಾಸರಗೋಡು ಜಿಲ್ಲೆಯಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ನೂರಕ್ಕೆ ಸುಮಾರು ನಾಲ್ಕು ಜನ. ನಾಲ್ಕೇ! ತುಳು ಎಂದು ಬರೆಸಿದವರು ಅದರ ಎರಡರಷ್ಟು. ಈ ನಾಲ್ಕನ್ನು ತೋರಿಸಿಯೇ ತಿರುವನಂತಪುರದ ಅಧಿಕಾರಿಗಳು 'ನಿಮ್ಮ ಕನ್ನಡಿಗರು ಎಲ್ಲಿದ್ದಾರೆ ಸ್ವಾಮಿ?' ಎಂದು ನಗುತ್ತಾರೆ. ನಮ್ಮ ಮುಖಂಡರು ಆಗ ಅಂಕಿ ಅಂಶ ಸುಳ್ಳು ಎಂದು ಕೂಗುತ್ತಾರೆ. ಅಂಕಿ ಸುಳ್ಳಲ್ಲ. ಎಣಿಸುವ ಅಳತೆಗೋಲೇ ಗಿಡ್ಡ.

ಯಾಕೆ ಗಿಡ್ಡ ಎನ್ನುತ್ತೇವೆ? ಕಾಸರಗೋಡಿನ ಕನ್ನಡಕ್ಕೆ ದುಡಿದವರ ಹೆಸರು ಹೇಳಿ ನೋಡೋಣ. ಮಂಜೇಶ್ವರದ ಗೋವಿಂದ ಪೈ, ಮೊದಲ ರಾಷ್ಟ್ರಕವಿ. ಮನೆಮಾತು ಕೊಂಕಣಿ. ಕಾಸರಗೋಡಿನ ವಿಲೀನಕ್ಕಾಗಿ ಬದುಕು ತೇದ ಕಯ್ಯಾರ ಕಿಞ್ಞಣ್ಣ ರೈಗಳು, ನೂರು ವರ್ಷ ತುಂಬಿಸಿ 2015ರಲ್ಲಿ ತೀರಿಕೊಂಡರು. ಮನೆಮಾತು ತುಳು. 'ಚಂದ್ರಗಿರಿಯ ತೀರದಲ್ಲಿ' ಬರೆದ ಸಾರಾ ಅಬೂಬಕ್ಕರ್, 2023ರ ಜನವರಿಯಲ್ಲಿ ಹೋದರು. ಅವರ ಮನೆಯಲ್ಲೂ ಆಡುವ ಮಾತು ಕನ್ನಡವಲ್ಲ. ಜನಗಣತಿಯ ಕಾಲಂ ಇಟ್ಟುಕೊಂಡು ನೋಡಿದರೆ ಈ ಮೂವರೂ ಕನ್ನಡಿಗರಲ್ಲ! ಹಾಗಾದರೆ ಕನ್ನಡಿಗರು ಯಾರು? ಹದಡಿಯ ಚಹಾ ಅಂಗಡಿಯಲ್ಲಿ ಕೂತು ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಜೈ ಕರ್ನಾಟಕ' ಎಂದು ಕುಟ್ಟುವವರೇ?

ಈ ಗೊಂದಲ ನಮ್ಮೊಬ್ಬರದೇ ಅಲ್ಲ. ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ ಫ್ರೆಂಚರ ಸ್ಥಿತಿ ಕಾಸರಗೋಡಿನ ಕನ್ನಡಿಗರ ಸ್ಥಿತಿಯಂತೆಯೇ. ಪಕ್ಕದ ಕ್ವಿಬೆಕ್‌ನಲ್ಲಿ ಫ್ರೆಂಚರದೇ ರಾಜ್ಯಭಾರ. ಗಡಿ ದಾಟಿದರೆ ಇಂಗ್ಲಿಷಿನ ಸಮುದ್ರದಲ್ಲಿ ಅವರು ನಡುಗಡ್ಡೆ. 1912ರಲ್ಲಿ ಅಲ್ಲಿನ ಸರ್ಕಾರ ಹದಿನೇಳನೇ ನಿಯಮ ಎಂಬುದನ್ನು ಹೊರಡಿಸಿ, ಶಾಲೆಯ ಮೊದಲೆರಡು ವರ್ಷ ದಾಟಿದ ಮೇಲೆ ಫ್ರೆಂಚಿನಲ್ಲಿ ಪಾಠ ಮಾಡಕೂಡದು ಎಂದು ಕಟ್ಟು ಹಾಕಿತು. ಒಟ್ಟಾವಾ ನಗರದ ಗೀಗ್ ಶಾಲೆಯಲ್ಲಿ ಬೆಯಾಟ್ರಿಸ್ ಮತ್ತು ಡಯಾನ್ ಡೆಲೋಜ್ ಎಂಬ ಅಕ್ಕತಂಗಿ ಮೇಷ್ಟ್ರಮ್ಮಗಳು ಈ ಆಜ್ಞೆಗೆ ಸೊಪ್ಪು ಹಾಕಲಿಲ್ಲ. 1916ರ ಜನವರಿಯಲ್ಲಿ ಪೊಲೀಸರು ಬಂದಾಗ ಶಾಲೆ ಕಾಯುತ್ತ ನಿಂತವರು ಆ ಮಕ್ಕಳ ತಾಯಂದಿರು. ಕೈಯಲ್ಲಿದ್ದ ಆಯುಧ ಏನೆಂದುಕೊಂಡಿರಿ? ಟೋಪಿಗೆ ಚುಚ್ಚುವ ಉದ್ದನೆ ಪಿನ್ನು, ಕತ್ತರಿ, ಲಟ್ಟಣಿಗೆ. ಚಳಿಯಲ್ಲಿ ನಿಂತು ಆ ಹೆಂಗಸರು ಪೊಲೀಸರನ್ನು ಹಿಮ್ಮೆಟ್ಟಿಸಿದರು. ಆ ನಿಯಮ 1927ರ ಹೊತ್ತಿಗೆ ಹಲ್ಲು ಕಿತ್ತ ಹಾವಾಯಿತು. 2016ರಲ್ಲಿ, ನೂರು ವರ್ಷದ ನಂತರ, ಒಂಟಾರಿಯೊ ಸರ್ಕಾರ ವಿಧಾನಸಭೆಯಲ್ಲಿ ಕ್ಷಮೆ ಕೇಳಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಮ್ಮ ರಾಜ್ಯೋತ್ಸವ ಭಾಷಣಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಆದರೆ ಮುಂದಿನ ಭಾಗವೇ ನಮಗೆ ಬೇಕಾದ್ದು. ಕಾಲ ಕಳೆದಂತೆ ಒಂಟಾರಿಯೊಗೆ ಹೈತಿ, ಕಾಂಗೋ, ಕ್ಯಾಮರೂನ್ ಕಡೆಯಿಂದ ಫ್ರೆಂಚ್ ಬಲ್ಲ ಕಪ್ಪು ಜನ ಬಂದರು. ಅವರ ಫ್ರೆಂಚ್ ಚೆನ್ನಾಗಿಯೇ ಇತ್ತು. ಆದರೂ 'ನೀನು ಎಲ್ಲಿಯವಳು? ನಿನ್ನ ಉಚ್ಚಾರಣೆ ಬೇರೆ' ಎಂಬ ಮಾತು ತಪ್ಪಲಿಲ್ಲ. ಇಂಗ್ಲಿಷರ ಮುಂದೆ ಭಾಷೆಯಿಂದ ಕೀಳು, ಬಿಳಿ ಫ್ರೆಂಚರ ಮುಂದೆ ಬಣ್ಣದಿಂದ ಕೀಳು, ಹೆಣ್ಣಾದರೆ ಎರಡೂ ಕಡೆ ಇನ್ನೊಂದು ಮೆಟ್ಟಿಲು ಕೆಳಗೆ. ಗಂಡನ ಏಟು ತಿಂದು ಸಹಾಯ ಕೇಳಲು ಹೋದ ಹೆಂಗಸಿಗೆ ಅವಳ ಭಾಷೆಯಲ್ಲಿ ಕೇಳಿಸಿಕೊಳ್ಳುವವರು ಬೇಕು ಎಂದು ಫ್ರೆಂಚ್ ಮಹಿಳಾ ಸಂಘಗಳು ವರ್ಷಗಟ್ಟಲೆ ಹೋರಾಡಬೇಕಾಯಿತು. ಲೆಕ್ಕದಲ್ಲೂ ಅದೇ ಕಥೆ: ಕಾಂಗೋದ ಹೆಂಗಸಿಗೆ ಮಾತೃಭಾಷೆ ಲಿಂಗಾಲ, ಹಾಗಾಗಿ ಅವಳು ಫ್ರೆಂಚ್ ಖಾತೆಯಲ್ಲಿ ಇಲ್ಲ. 2009ರಲ್ಲಿ ಒಂಟಾರಿಯೊ ಈ ಲೆಕ್ಕವನ್ನೇ ಬದಲಿಸಿತು. ಮಾತೃಭಾಷೆ ಯಾವುದೇ ಇರಲಿ, ಫ್ರೆಂಚ್ ಬಲ್ಲವರಾಗಿ ಮನೆಯಲ್ಲಿ ಬಳಸುವವರಾದರೆ ಅವರೂ ಫ್ರೆಂಚ್ ಸಮುದಾಯದವರೇ ಎಂದು ಹೊಸ ವ್ಯಾಖ್ಯೆ ಕೊಟ್ಟಿತು. ಒಂದು ಸಾಲು ತಿದ್ದಿದ್ದಕ್ಕೆ ಹತ್ತಾರು ಸಾವಿರ ಜನ ಫ್ರೆಂಚ್ ಪಾಲಿಗೆ ಬಂದರು.

ನೋಡಿದಿರಾ? ಬಾಗಿಲು ಅಗಲ ಮಾಡಿದವರು ದೊಡ್ಡವರಾದರು. ನಾವು ಬಾಗಿಲಲ್ಲಿ ನಿಂತು ಆಧಾರ್ ಕಾರ್ಡು ಕೇಳುತ್ತಿದ್ದೇವೆ.

ಚಂದ್ರಗಿರಿ ಹೊಳೆಗೆ ಮರಳೋಣ. ನಮ್ಮ ಮುಖಂಡರಿಗೆ ಈ ಹೊಳೆ ಎಂದರೆ ನಕ್ಷೆಯ ಮೇಲಿನ ನೀಲಿ ಗೆರೆ. ಗೆರೆಯ ಮೇಲೆ ನಮ್ಮದು, ಕೆಳಗೆ ಅವರದು. ಅದೇ ಹೊಳೆಯ ದಡದಲ್ಲಿ ಹುಟ್ಟಿ ಬೆಳೆದ ಸಾರಾ ಅಬೂಬಕ್ಕರ್‌ಗೆ ಅದು ಬೇರೆಯೇ ಆಗಿ ಕಂಡಿತು. ಕನ್ನಡ ಶಾಲೆಯಲ್ಲಿ ಓದಿದ ಈ ಹೆಣ್ಣುಮಗಳು ಆ ಕಾಲಕ್ಕೆ ಆ ಸೀಮೆಯ ಮುಸ್ಲಿಂ ಹುಡುಗಿಯರಲ್ಲಿ ಓದು ಮುಗಿಸಿದ ಮೊದಲಿಗರಲ್ಲಿ ಒಬ್ಬರು. ಮದುವೆ, ನಾಲ್ಕು ಮಕ್ಕಳು, ಸಂಸಾರ ಎಲ್ಲ ಮುಗಿಸಿ ನಲವತ್ತು ದಾಟಿದ ಮೇಲೆ ಪೆನ್ನು ಹಿಡಿದರು. 1980ರ ದಶಕದ ಮೊದಲಲ್ಲಿ ಲಂಕೇಶರು ತಮ್ಮ ಪತ್ರಿಕೆಯಲ್ಲಿ ಅವರ ಕಾದಂಬರಿಯನ್ನು ಧಾರಾವಾಹಿಯಾಗಿ ಹಾಕಿದರು. ಅದರ ನಾದಿರಾಗೆ ಗಂಡನ ಮೇಲೆ ಪ್ರೀತಿ ಇದೆ, ಗಂಡನಿಗೂ ಇದೆ. ನಡುವೆ ಅಪ್ಪನ ಹಟ, ದುಡ್ಡಿನ ಜಗಳ, ಮೂರು ತಲಾಖು. ಮತ್ತೆ ಕೂಡಬೇಕೆಂದರೆ ಒಂದು ರಾತ್ರಿಗೆ ಬೇರೆ ಗಂಡಸನ್ನು ಮದುವೆಯಾಗಬೇಕೆಂಬ ಶರತ್ತು. ಅವಳು ಕೊನೆಗೆ ಮಸೀದಿಯ ಕೊಳ ಸೇರುತ್ತಾಳೆ.

ಇಲ್ಲಿ ಯಾವ ಮಲಯಾಳಿ ಅಧಿಕಾರಿಯೂ ಇಲ್ಲ, ಯಾವ ಭಾಷಾ ಹೇರಿಕೆಯೂ ಇಲ್ಲ. ನಾದಿರಾಳನ್ನು ಕೊಂದವರು ಅವಳ ಮನೆಯವರು, ಅವಳ ಮಾತನ್ನೇ ಆಡುವವರು. ಕಾದಂಬರಿಗೆ ಅಕಾಡೆಮಿ ಬಹುಮಾನವೂ ಬಂತು, ಮನೆಯವರ ಕಡೆಯಿಂದ ಬೈಗುಳವೂ ಬಂತು. ಇನ್ನೊಂದು ಕಡೆ 'ನೋಡಿ, ಮುಸ್ಲಿಮರು ಹೀಗೆ' ಎಂದು ಬಾಯಿ ಚಪ್ಪರಿಸಿದ ಮಹಾಶಯರೂ ಇದ್ದರು. ಸಾರಾ ಅವರನ್ನೂ ಬಿಡಲಿಲ್ಲ, ಅವರ ಮೇಲೂ ಬರೆದರು. ಕೇಳಬೇಕಾದ ಮಾತೆಂದರೆ, ಗಡಿಯಾಚೆಯ ಕನ್ನಡವನ್ನು ಇಷ್ಟು ದೂರ ಕೊಂಡೊಯ್ದ ಹೆಂಗಸಿನ ಹೆಸರು ನಮ್ಮ 'ಕಾಸರಗೋಡು ನಮ್ಮದು' ಭಾಷಣಗಳಲ್ಲಿ ಎಷ್ಟು ಸಲ ಬಂದಿದೆ? ಕಯ್ಯಾರರ ಹೆಸರು ಬರುತ್ತದೆ, ಬರಬೇಕಾದ್ದೇ. ಸಾರಾ ಹೆಸರು ಬಂದರೆ ವೇದಿಕೆ ಮೇಲಿನವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಇನ್ನೂ ಕೆಳಗೆ ಇಳಿಯೋಣ. ಮಂಜೇಶ್ವರ, ಕಾಸರಗೋಡಿನ ಒಳಗಿನ ಹಳ್ಳಿಗಳಲ್ಲಿ ಕೊರಗರಿದ್ದಾರೆ. ಬುಟ್ಟಿ ಹೆಣೆಯುವವರು, ಡೋಲು ಬಡಿಯುವವರು. ಇಡೀ ಕೇರಳದಲ್ಲಿ ಅವರ ಸಂಖ್ಯೆ 2011ರಲ್ಲಿ ಎರಡು ಸಾವಿರವೂ ಇರಲಿಲ್ಲ. ಅವರಿಗೆ ಅವರದೇ ಮಾತಿದೆ. ಕೊರಗರ ಮಗು ಮನೆಯಲ್ಲಿ ಕೊರಗ ಮಾತು, ಅಂಗಳ ದಾಟಿದರೆ ತುಳು, ಶಾಲೆಗೆ ಹೋದರೆ ಕನ್ನಡ, ಕಚೇರಿಗೆ ಹೋದರೆ ಮಲಯಾಳ, ಕೆಲಸಕ್ಕೆ ಇಂಗ್ಲಿಷ್ ಎಂಬ ಐದು ಬಾಗಿಲು ದಾಟಬೇಕು. ಕೊರಗ ಮಾತಿಗೆ ಒಂದು ಪಾಠ ಪುಸ್ತಕ ಬೇಡವೇ ಎಂದು ನಮ್ಮಲ್ಲಿ ಯಾವ ವೇದಿಕೆ ಕೇಳಿದೆ?

ಇದು ಭಾಷೆಯ ಮಾತಾಯಿತು. ಮಾನದ ಮಾತು ಇನ್ನೂ ಕಹಿ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಅಜಲು ಎಂಬ ಪದ್ಧತಿ ಇತ್ತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳ ಹಾಗೆ ಗದ್ದೆಯಲ್ಲಿ ಓಡಿಸುವುದು. ಉಳ್ಳವರ ಕೆಡುಕೆಲ್ಲ ಕೊರಗರ ಮೈಗೆ ಹೋಗಲಿ ಎಂಬ ನಂಬಿಕೆ! ಕರ್ನಾಟಕ ಸರ್ಕಾರ ಇದನ್ನು ನಿಷೇಧಿಸಿ ಕಾನೂನು ಮಾಡಿದ್ದು ಯಾವಾಗ ಗೊತ್ತೆ? 2000ದಲ್ಲಿ. ನಾಡು ಒಂದಾಗಿ 44 ವರ್ಷ ಆದ ಮೇಲೆ. ಅಜಲು ಮಾಡಿಸಿದವರು ಯಾವ ಭಾಷೆಯವರು? ತುಳು ಕನ್ನಡ ಮಾತಾಡುವವರೇ, ಯಕ್ಷಗಾನ ನೋಡುವವರೇ, ಕನ್ನಡ ಶಾಲೆಗೆ ಜಾಗ ದಾನ ಕೊಟ್ಟವರ ಪೈಕಿಯವರೇ. ಇದಕ್ಕೆ ಕೇರಳವನ್ನು ಬೈಯಲು ಬರುವುದಿಲ್ಲ.

ಗಡಿನಾಡಿನ ಹೆಂಗಸರ ದೊಡ್ಡ ಸಂಕಟ ಎಂಡೋಸಲ್ಫಾನ್. ಸರ್ಕಾರಿ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೋಡಂಬಿ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ವಿಷ ಸುರಿದರು, 2000ದ ತನಕ. ಎಣ್ಮಕಜೆ ಪಂಚಾಯಿತಿಯ ಪಡ್ರೆ ಕಡೆ ಹುಟ್ಟಿದ ಮಕ್ಕಳ ಸ್ಥಿತಿಯನ್ನು ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಲೋಕಕ್ಕೆ ಕಾಣಿಸಿದರು. ಕೋರ್ಟಿಗೆ ಹೋದವರು ಲೀಲಾಕುಮಾರಿ ಅಮ್ಮ ಎಂಬ ಮಲಯಾಳಿ ಹೆಂಗಸು. ಸುಪ್ರೀಂ ಕೋರ್ಟು 2011ರಲ್ಲಿ ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಿ ಎಂದಿತು. ಎಣ್ಮಕಜೆ ಕನ್ನಡ, ತುಳು ಆಡುವ ನೆಲ. ಅಲ್ಲಿ ಇಪ್ಪತ್ತು ವರ್ಷದ ಮಗನನ್ನು ಕೂಸಿನಂತೆ ಎತ್ತಿಕೊಂಡು ಆಸ್ಪತ್ರೆಗೆ ಹೋಗುವ ತಾಯಿಗೆ ಅರ್ಜಿ ನಮೂನೆ ಯಾವ ಭಾಷೆಯಲ್ಲಿದೆ ಎಂಬುದೇ ಭಾಷಾ ಹಕ್ಕು. ನಾಮಫಲಕಕ್ಕೆ ಮಸಿ ಬಳಿಯುವಷ್ಟು ಸುಲಭದ ಹೋರಾಟ ಇದಲ್ಲ, ಫೋಟೋವೂ ಬರುವುದಿಲ್ಲ.

'ಇದೆಲ್ಲ ದೂರದ ಮಾತು, ನಮ್ಮೂರಿಗೆ ಏನು ಸಂಬಂಧ' ಎನ್ನುತ್ತೀರಾ? ಹಾಗಾದರೆ ಹದಡಿ ರಸ್ತೆಗೇ ಬನ್ನಿ.

ಬೆಳಿಗ್ಗೆ ಎಂಟು ಗಂಟೆಗೆ ನಿಂತು ನೋಡಿ. ದಾವಣಗೆರೆಯ ಕಾನ್ವೆಂಟುಗಳಿಗೆ ಹೋಗುವ ಹಳದಿ ವ್ಯಾನಿನಲ್ಲಿ ಯಾರಿದ್ದಾರೆ, ಸರ್ಕಾರಿ ಶಾಲೆಗೆ ನಡೆದು ಹೋಗುವವರು ಯಾರು? ಒಂದೇ ಮನೆಯ ಗಂಡು ಮಗ ವ್ಯಾನಿಗೆ, ಅಕ್ಕ ಸರ್ಕಾರಿ ಶಾಲೆಗೆ. ಎರಡು ಮಕ್ಕಳಿಗೆ ಫೀಜು ಕಟ್ಟಲು ಆಗುವುದಿಲ್ಲ, ಹುಡುಗಿ ಹೇಗಿದ್ದರೂ ಇನ್ನೊಬ್ಬರ ಮನೆಗೆ ಹೋಗುವವಳು ಎಂಬ ಲೆಕ್ಕ. 1994ರ ಭಾಷಾ ನೀತಿಗೆ ನಾವು ಡಂಗುರ ಹೊಡೆದೆವು. 2014ರಲ್ಲಿ ಸುಪ್ರೀಂ ಕೋರ್ಟು, ಮಾಧ್ಯಮ ಯಾವುದೆಂದು ಸರ್ಕಾರ ಖಾಸಗಿ ಶಾಲೆಯ ಮೇಲೆ ಹೇರಕೂಡದು ಎಂದಾಗ ಎದೆ ಬಡಿದುಕೊಂಡೆವು. ಈವತ್ತು ಕನ್ನಡ ಮಾಧ್ಯಮವನ್ನು ಹೊತ್ತು ನಿಂತವರು ಇಂಥ ಹೆಣ್ಣುಮಕ್ಕಳು, ಕೇರಿಯ ಮಕ್ಕಳು, ತಾಂಡಾದ ಮಕ್ಕಳು. ಕನ್ನಡಕ್ಕೆ ಜೀವ ಕೊಡುತ್ತೇವೆನ್ನುವ ಪುಢಾರಿಗಳ ಮಕ್ಕಳು ಸಿಬಿಎಸ್‌ಇಯಲ್ಲಿದ್ದಾರೆ. ಭಾಷೆ ಉಳಿಸುವ ಕೂಲಿ ಬಡವರ ಮಗಳಿಗೆ, ಶಾಲು ಹಾರ ಬೇರೆಯವರಿಗೆ. ಆ ಹುಡುಗಿ ಪಿಯುಸಿ ಮುಗಿಸಿ ಕೆಲಸಕ್ಕೆ ಹೋದರೆ ಇಂಗ್ಲಿಷ್ ಬರುತ್ತಾ ಎಂದು ಕೇಳುತ್ತಾರೆ. ಆಗ ಅವಳ ಜೊತೆ ಯಾರು ನಿಲ್ಲುತ್ತೀರಿ?

ತಾಂಡಾದ ಮಾತು ಬಂತಲ್ಲ, ಇದನ್ನು ಗಮನವಿಟ್ಟು ಓದಿ. ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ನಮ್ಮ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿದೆ. ಲಂಬಾಣಿ ಜನ ನಮ್ಮ ಊರುಗಳ ಪಕ್ಕದಲ್ಲೇ ತಲೆಮಾರುಗಳಿಂದ ಇದ್ದಾರೆ. 2011ರ ಜನಗಣತಿಯಲ್ಲಿ ಕರ್ನಾಟಕ, ಆಂಧ್ರ ಮೊದಲಾದ ಕಡೆ ಸೇರಿ 32 ಲಕ್ಷಕ್ಕೂ ಹೆಚ್ಚು ಜನ ಮಾತೃಭಾಷೆ ಲಂಬಾಣಿ ಎಂದು ಬರೆಸಿದರು. ದಿಲ್ಲಿಯ ಲೆಕ್ಕದವರು ಈ 32 ಲಕ್ಷವನ್ನು ಯಾವ ಖಾತೆಗೆ ಸೇರಿಸಿದರು ಗೊತ್ತೆ? ಹಿಂದಿಗೆ! ಬಂಜಾರಿ ಎಂದು ಬರೆಸಿದ 15 ಲಕ್ಷ ಜನವೂ ಹಿಂದಿಗೇ. ಬ್ಯಾಂಕಿನ ಚಲನ್ನಿನಲ್ಲಿ ಹಿಂದಿ ಕಂಡರೆ ಬೀದಿಗಿಳಿಯುವ ನಾವು, ನಮ್ಮ ಪಕ್ಕದ ಮನೆಯ ಗಂಗಮ್ಮನನ್ನೂ ಶಾಂತಾಬಾಯಿಯನ್ನೂ ಹಿಂದಿಯವರೆಂದು ಬರೆದಾಗ ತುಟಿ ಬಿಚ್ಚಲಿಲ್ಲ. ಹಿಂದಿ ಹೇರಿಕೆ ಎಂದರೆ ಇದಕ್ಕಿಂತ ದೊಡ್ಡದು ಯಾವುದಿದೆ ಹೇಳಿ? ಅವರ ಮಾತು ನಮಗೆ ಮಾತೆನ್ನಿಸಿರಲಿಲ್ಲ, ಅದಕ್ಕೇ ಸುಮ್ಮನಿದ್ದೆವು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೂ ಹೋಗಿ ಬನ್ನಿ. ಸಂಜೆ ಮಿರ್ಚಿ ಜೊತೆ ಮೆಲ್ಲುವ ಮಂಡಕ್ಕಿ ಹೊಗೆಯಲ್ಲಿ, ಉರಿಯಲ್ಲಿ ಹುರಿದು ಬರುತ್ತದೆ. ಹುರಿಯುವವರಲ್ಲಿ ಹೆಚ್ಚಿನವರು ಮುಸ್ಲಿಂ ಕುಟುಂಬದವರು, ಹೆಂಗಸರೂ ಸೇರಿ. ಮನೆಯಲ್ಲಿ ದಖನಿ ಉರ್ದು, ಗಿರಾಕಿ ಜೊತೆ ಕನ್ನಡ. ಅವರ ಕನ್ನಡವನ್ನು ಅಣಕಿಸಿ ನಗುವವರು ನಮ್ಮಲ್ಲಿ ಇದ್ದಾರೆ. ನಮ್ಮ ದಾವಣಗೆರೆ ಮಾತನ್ನು ಬೆಂಗಳೂರಿನ ಸಿನಿಮಾದವರು ಅಣಕಿಸಿದಾಗ ಮಾತ್ರ ನಮಗೆ ಉರಿ ಹತ್ತುತ್ತದೆ.

ವೇದಿಕೆಗೆ ಬರೋಣ. 1915ರಿಂದ 2024ರ ಮಂಡ್ಯ ಸಮ್ಮೇಳನದ ತನಕ 87 ಸಾಹಿತ್ಯ ಸಮ್ಮೇಳನ ಆದವು. ಅಧ್ಯಕ್ಷತೆ ವಹಿಸಿದ ಹೆಂಗಸರು ಎಷ್ಟು? ನಾಲ್ಕು. ಜಯದೇವಿತಾಯಿ ಲಿಗಾಡೆ, ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ. ಮೊದಲನೆಯವರು 1974ರಲ್ಲಿ ಬಂದರು. ಅವರು ಎಲ್ಲಿಯವರು? ಗಡಿಯಾಚೆಯ ಸೊಲ್ಲಾಪುರದವರು, ಓದಿದ್ದು ಮರಾಠಿ, ಕನ್ನಡವನ್ನು ತಾವಾಗಿ ಕಲಿತು ಬರೆದವರು! ಹಾಗೆಯೇ 'ಮಹಿಷಿ ವರದಿ ಜಾರಿಯಾಗಲಿ' ಎಂದು ಗಂಟಲು ಹರಿಯುವ ಹುಡುಗರಲ್ಲಿ ಸರೋಜಿನಿ ಮಹಿಷಿ ಯಾರೆಂದು ಬಲ್ಲವರು ಎಷ್ಟು ಜನವೋ. 1983ರಲ್ಲಿ ಆ ಸಮಿತಿಗೆ ಅಧ್ಯಕ್ಷರಾದದ್ದು ಧಾರವಾಡದಿಂದ ಪಾರ್ಲಿಮೆಂಟಿಗೆ ಹೋಗಿಬಂದ ಹೆಣ್ಣುಮಗಳು. ವರದಿ ಬೇಕು, ವರದಿ ಬರೆದಂಥವರು ನಮ್ಮ ಸಂಘಟನೆಯ ಪದಾಧಿಕಾರಿಯಾಗುವುದು ಬೇಡ. ಮಹಿಳಾ ಘಟಕ ಎಂದು ಬೇರೆ ಮಾಡಿ ಆರತಿ ತಟ್ಟೆ ಕೊಟ್ಟರೆ ಮುಗಿಯಿತು.

2023ರ ಜನವರಿಯಲ್ಲಿ ನಮ್ಮ ಪಕ್ಕದ ಹಾವೇರಿಯಲ್ಲಿ ಸಮ್ಮೇಳನವಾದಾಗ ಮುಸ್ಲಿಂ ಬರಹಗಾರರನ್ನು ಕಡೆಗಣಿಸಿದ್ದಾರೆಂದು ಬೆಂಗಳೂರಿನಲ್ಲಿ ಪರ್ಯಾಯವಾಗಿ ಜನಸಾಹಿತ್ಯ ಸಮ್ಮೇಳನ ನಡೆಯಿತು. ಅಲ್ಲಿ ಬಾನು ಮುಷ್ತಾಕ್ ಒಂದು ಪ್ರಶ್ನೆ ಎತ್ತಿದರು: ಕನ್ನಡವನ್ನು ದೇವಿಯಾಗಿ ಮಂಟಪದಲ್ಲಿ ಕೂರಿಸಿ, ಅರಿಸಿನ ಕುಂಕುಮದ ಬಾವುಟ ಹಿಡಿದರೆ, ಕನ್ನಡವನ್ನೇ ಬರೆದು ಬದುಕಿದ ನನ್ನಂಥವಳು ಎಲ್ಲಿ ನಿಲ್ಲಲಿ ಎಂಬರ್ಥದ ಮಾತು. ಎರಡು ವರ್ಷ ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ. 2025ರ ಮೇ ತಿಂಗಳಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂತು, ಕನ್ನಡಕ್ಕೆ ಮೊದಲ ಸಲ. ದಸರಾ ಉದ್ಘಾಟನೆಗೆ ಕರೆದ ಕೂಡಲೇ ಹಳೆಯ ವಿಡಿಯೋ ತೆಗೆದು ಬೊಬ್ಬೆ ಎದ್ದಿತು. ಸುಪ್ರೀಂ ಕೋರ್ಟಿನ ತನಕ ಹೋದವರು ಬರಿಗೈಯಲ್ಲಿ ಬಂದರು, ಬಾನು ಅವರು ಹೋಗಿ ಉದ್ಘಾಟಿಸಿ ಬಂದರು. ಆ ಗಲಾಟೆಯಲ್ಲಿ ಪ್ರಶ್ನೆಗೆ ಉತ್ತರ ಕೊಟ್ಟವರು ಯಾರಾದರೂ ಇದ್ದಾರೆಯೇ? ಕೆಂಪು ಹಳದಿ ಬಾವುಟ ಈ ಪತ್ರಿಕೆಗೆ ಜೀವ. ಅದನ್ನು ಇಳಿಸಿ ಎಂದು ನಾವು ಹೇಳುವುದಿಲ್ಲ. ಆದರೆ ಬಾವುಟದ ಕೆಳಗೆ ನಿಲ್ಲಲು ಜಾಗ ಇದೆಯೇ ಎಂದು ಒಬ್ಬ ಹೆಣ್ಣುಮಗಳು ಕೇಳಿದರೆ 'ಬಾ ತಾಯಿ, ನಿಲ್ಲು' ಎನ್ನಬೇಕಾದವರು ಕಲ್ಲು ಹುಡುಕುವುದೇ?

ಒಡಕು ತರುವ ಮಾತು ಇದು ಎಂದು ಕೆಲವರು ಹೇಳುತ್ತಾರೆ ಎಂಬುದು ಗೊತ್ತು. ಶತ್ರು ಹೊರಗಿರುವಾಗ ಮನೆಯ ಜಗಳ ಬೀದಿಗೆ ಯಾಕೆ, ಮೊದಲು ಕನ್ನಡ ಗೆಲ್ಲಲಿ, ಜಾತಿ ಹೆಣ್ಣು ಎಲ್ಲ ಆಮೇಲೆ ನೋಡೋಣ ಎನ್ನುವವರು. ಈ 'ಆಮೇಲೆ' 1956ರಿಂದ ನಡೆಯುತ್ತಿದೆ. ಮಂಜೇಶ್ವರ ವಿಧಾನಸಭಾ ಕ್ಷೇತ್ರದಿಂದ 1957ರಲ್ಲಿ ಎಂ. ಉಮೇಶ ರಾವ್ ಅವಿರೋಧವಾಗಿ ಆರಿಸಿ ಬಂದರು, ಬಳಿಕ ಕಳ್ಳಿಗೆ ಮಹಾಬಲ ಭಂಡಾರಿಯವರು ಕನ್ನಡದ ಹೆಸರಲ್ಲಿ ಗೆದ್ದರು. ಅಲ್ಲಿಂದ 2021ರ ತನಕ ಆ ಕ್ಷೇತ್ರದಿಂದ ಒಬ್ಬ ಹೆಂಗಸೂ ಗೆದ್ದಿಲ್ಲ. 2021ರಲ್ಲಿ ಗೆದ್ದು ಕೇರಳ ವಿಧಾನಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಪ್ರಮಾಣ ವಚನ ತೆಗೆದುಕೊಂಡವರು ಯಾರು? ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್! ನಾವು ಹೊರಗೆ ನಿಲ್ಲಿಸಿದವರೇ ಅಲ್ಲಿ ನಮ್ಮ ಭಾಷೆಯನ್ನು ಒಳಗೆ ಕರೆದುಕೊಂಡು ಹೋದರು. ಒಡಕು ಎಲ್ಲಿಂದ ಬರುತ್ತದೆ, ನೀವೇ ಹೇಳಿ.

ಈಗ ಕೆಲಸದ ಮಾತು. 2027ರ ಮಾರ್ಚ್ 1ನ್ನು ಲೆಕ್ಕದ ದಿನವಾಗಿಟ್ಟು ಜನಗಣತಿ ಘೋಷಣೆಯಾಗಿದೆ. 2011ರ ನಮೂನೆಯಲ್ಲಿ ಮಾತೃಭಾಷೆಗೆ ಒಂದು ಕಾಲಂ, ಬಲ್ಲ ಇತರ ಭಾಷೆಗಳಿಗೆ ಇನ್ನೊಂದು ಕಾಲಂ ಇತ್ತು. ಈ ಎರಡನೇ ಕಾಲಮ್ಮನ್ನು ಯಾರೂ ಸರಿಯಾಗಿ ತುಂಬಿಸುವುದಿಲ್ಲ, ಮುಖಂಡರು ಓದುವುದೂ ಇಲ್ಲ. ಕಾಸರಗೋಡಿನ ನೆಂಟರು ಯಾರಾದರೂ ಇದ್ದರೆ ಫೋನ್ ಮಾಡಿ: ತುಳುವರು ತುಳು ಎಂದೇ ಬರೆಸಲಿ, ಕೊರಗರು ಕೊರಗ ಎಂದೇ ಬರೆಸಲಿ, ಪಕ್ಕದ ಕಾಲಂನಲ್ಲಿ ಕನ್ನಡ ಎಂದು ತಪ್ಪದೆ ಬರೆಸಲಿ. ಕನ್ನಡದ ಹಕ್ಕು ಕೇಳಲು ಹೋಗುವವರು ಇನ್ನು ಮುಂದೆ ಎರಡೂ ಕಾಲಂ ಕೂಡಿಸಿ ಕೇಳಲಿ. ನಮ್ಮ ತಾಂಡಾಗಳಲ್ಲೂ ಅದೇ. ಎಣಿಸಲು ಬಂದ ಮೇಷ್ಟ್ರ ಮುಂದೆ ಗಂಡಸರಷ್ಟೇ ಕೂತು ಬರೆಸುವುದು ಬೇಡ, ಹೆಂಗಸರು ತಮ್ಮ ಮಾತನ್ನು ತಾವೇ ಹೇಳಲಿ. ಲಂಬಾಣಿಯನ್ನು ಹಿಂದಿಯ ಖಾತೆಯಿಂದ ತೆಗೆಯಿರಿ ಎಂದು ದಿಲ್ಲಿಯ ಜನಗಣತಿ ಕಚೇರಿಗೆ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಂದು ಠರಾವು ಹೋಗಲಿ. ಹದಡಿ ಪಂಚಾಯಿತಿಯೇ ಮೊದಲು ಮಾಡಿದರೆ ಮುಖಪುಟದಲ್ಲಿ ಹಾಕುತ್ತೇವೆ.

ರಾಜ್ಯೋತ್ಸವ ಮಾಡುವ ಸಂಘದವರಿಗೆ ಒಂದು ವಿನಂತಿ. ಈ ಸಲ ನಿಮ್ಮೂರ ವೇದಿಕೆಯಲ್ಲಿ ಹೆಂಗಸರು ಎಷ್ಟು ಹೊತ್ತು ಮಾತಾಡಿದರು, ತಾಂಡಾದವರು, ಕೇರಿಯವರು, ಭಟ್ಟಿಯವರು ಎಷ್ಟು ಹೊತ್ತು ಮಾತಾಡಿದರು ಎಂಬುದನ್ನು ಗಡಿಯಾರ ನೋಡಿ ಬರೆದಿಟ್ಟು ಒಂದು ಕಾರ್ಡು ಹಾಕಿ. ಹೆಸರು ಬೇಡ, ಊರು ಮತ್ತು ನಿಮಿಷ ಸಾಕು. ಬಂದದ್ದನ್ನು ಬಂದ ಹಾಗೆ ಅಚ್ಚು ಹಾಕುತ್ತೇವೆ. ಪ್ರಾರ್ಥನೆ ಹಾಡಿದ ಹೊತ್ತು, ಆರತಿ ಎತ್ತಿದ ಹೊತ್ತು ಲೆಕ್ಕಕ್ಕೆ ಸೇರಿಸಬೇಡಿ.